ವಿಮಾನದಾಗ ಸಂತೆಕಲ್ಲೂರು ಬರಂಗಿಲ್ಲ

ನವೆಂಬರ್ 3, ಸೋಮವಾರ

ನಾನು ಶಾಲೆ ಬಿಟ್ಟದ್ದು ಗಣಿತದ ದೆಸೆಯಿಂದಲ್ಲ, ಬಾಗಿಲಿನ ದೆಸೆಯಿಂದ. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ಹತ್ತನೇ ತರಗತಿಯ ಮೊದಲ ಪರೀಕ್ಷೆ ಕನ್ನಡ. ಪ್ರಶ್ನೆಪತ್ರಿಕೆ ಹಂಚಿದ ಮೇಲೆ ಗಾಳಿಗೆ ಹಾಳೆ ಹಾರುತ್ತವೆಂದು ಮೇಲ್ವಿಚಾರಕರು ಬಾಗಿಲು ಮುಚ್ಚಿ ಅಗಳಿ ಜಡಿದರು. ಪದ್ಯದ ಸಾರಾಂಶ ನನಗೆ ಚೆನ್ನಾಗಿಯೇ ಬರುತ್ತಿತ್ತು. ಆದರೆ ಅಗಳಿಯ ಸಪ್ಪಳ ಕೇಳಿದ ಕೂಡಲೇ ಎದೆಯ ಮೇಲೆ ಯಾರೋ ಹತ್ತಿಯ ಮೂಟೆ ಹೇರಿದಂತಾಯಿತು. ಎದ್ದೆ, ಅಗಳಿ ತೆಗೆದೆ, ಹೊರಗೆ ಬಂದೆ, ಮನೆಗೆ ಹೋಗಿ ಮಂಡಾಳು ಒಗ್ಗರಣೆ ತಿಂದೆ. ನಮ್ಮ ಅಬ್ಬಾನ ತಮ್ಮ, ಚಾಚಾ ಇಸ್ಮಾಯಿಲ್‌ಸಾಬ್ ಮಸ್ಕಿಯ ತುಂಬ ‘ಹುಡುಗನ್ನ ಗಣಿತ ತಿಂತು’ ಎಂದು ಹೇಳಿಕೊಂಡು ಬಂದರು. ಗಣಿತದ ಪರೀಕ್ಷೆ ಇನ್ನೂ ಮುಂದಿನ ವಾರವಿತ್ತು. ಪಾಪ, ಅದು ನನ್ನನ್ನು ಮೂಸಿಯೂ ನೋಡಿರಲಿಲ್ಲ. ನಾನು ಸುಳ್ಳು ಹೇಳಲಿಲ್ಲ. ಬಾಗಿಲೇನೋ ಎಂದು ಯಾರೂ ಕೇಳಲಿಲ್ಲ, ಅಷ್ಟೇ. ಕೇಳಿದ್ದರೆ ಹೌದು ಎನ್ನುತ್ತಿದ್ದೆ.

ಕಾರಣ ಹುಡುಕಿ ನೋಡಿದ್ದೇನೆ. ಚಿಕ್ಕಂದಿನಲ್ಲಿ ನನ್ನನ್ನು ಯಾರೂ ಕೋಣೆಯಲ್ಲಿ ಕೂಡಿಹಾಕಿಲ್ಲ, ನಾನು ಬಾವಿಗೂ ಬಿದ್ದಿಲ್ಲ. ಮುಚ್ಚಿದ ಕಡೆ ಕೂಡಲು ಆಗುವುದಿಲ್ಲ, ಮುಗಿಯಿತು. ಸಿಂಧನೂರಿನ ಅಕ್ಕಿ ಗಿರಣಿ, ಲಿಂಗಸುಗೂರಿನ ಮೊಬೈಲ್ ಅಂಗಡಿ, ಅದರ ಪಕ್ಕದ ಎಸಿ ಇದ್ದ ಬಟ್ಟೆ ಅಂಗಡಿ, ಎಲ್ಲ ಕೆಲಸವನ್ನೂ ಬಿಟ್ಟಿದ್ದೇನೆ. ‘ಇವನ ಕುಂಡ್ಯಾಗ ಮುಳ್ಳದಾವ’ ಎಂದು ಚಾಚಿ ವಸೀಮಾ ಬಂದವರಿಗೆಲ್ಲ ಹೇಳುತ್ತಾಳೆ.

ಇದನ್ನು ಇವತ್ತೇ ಬರೆಯಲು ಕಾರಣ ಚಾಚಾ. ನಮ್ಮದು ಹತ್ತಿ ತುಂಬಿ ಗಾದಿ, ಹಾಸಿಗೆ ಮಾಡುವ ಮನೆತನ. ಮುಂಜಾನೆ ಚಾಚಾ ಗಾದಿ ಏರಿಸಿದ ಟೆಂಪೋದ ಮೇಲಿನಿಂದ ಬಿದ್ದು ಕಾಲು ಮುರಿದುಕೊಂಡರು. ಇಪ್ಪತ್ತು ಗಾದಿಗಳ ಮೇಲೆ ನಿಂತಿದ್ದವರು ಒಂದೂ ಗಾದಿ ಇಲ್ಲದ ಕಡೆ ನೋಡಿ ಬಿದ್ದರು. ಡಿಸೆಂಬರ್ 5ಕ್ಕೆ ಅವರು ತಮ್ಮ ತಾಯಿಯನ್ನು, ಅಂದರೆ ನಮ್ಮ ದಾದಿಯನ್ನು, ಉಮ್ರಾ ಯಾತ್ರೆಗೆ ಕರೆದುಕೊಂಡು ಹೋಗಬೇಕಿತ್ತು. ಹೈದರಾಬಾದಿನಿಂದ ಜಿದ್ದಾಕ್ಕೆ ವಿಮಾನ, ಅಲ್ಲಿಂದ ಮಕ್ಕಾಕ್ಕೆ ಬಸ್ಸು. ಲಾರಿ ಓಡಿಸುವ ನಮ್ಮ ಅಬ್ಬಾ ಎಲ್ಲಿದ್ದಾನೋ ಅವನಿಗೇ ಗೊತ್ತಿಲ್ಲ. ಈಗ ಮನೆಯಲ್ಲಿ ಚಾಚಾ, ದಾದಿಯನ್ನು ಬಿಟ್ಟರೆ ಪಾಸ್‌ಪೋರ್ಟ್ ಇರುವ ಇನ್ನೊಂದೇ ಪ್ರಾಣಿ ನಾನು.

ಪಾಸ್‌ಪೋರ್ಟ್ ಮಾಡಿಸಿದ್ದು ಎರಡು ವರ್ಷದ ಹಿಂದೆ. ನಮ್ಮ ಓಣಿಯ ಆಸೀಫ್ ಸೌದಿಗೆ ಬಾ ಎಂದಿದ್ದ. ಹೊರಡುವ ಹೊತ್ತಿಗೆ ವಿಮಾನಕ್ಕೂ ಬಾಗಿಲು ಇರುತ್ತದೆಂದು ನೆನಪಾಯಿತು. ಮನಸ್ಸಿಲ್ಲ ಎಂದೆ. ಅದೂ ನಿಜವೇ.

ನವೆಂಬರ್ 4, ಮಂಗಳವಾರ

ಲಿಂಗಸುಗೂರಿನಿಂದ ಮಕ್ತುಮ್‌ಸಾಬ್ ಬಂದಿದ್ದರು. ವರ್ಷಕ್ಕೊಮ್ಮೆ ನಲವತ್ತು ಮಂದಿಯನ್ನು ಉಮ್ರಾಕ್ಕೆ ಕರೆದೊಯ್ಯುವವರು ಅವರೇ. ಅಮ್ಮನವರನ್ನು ನಾವೇ ನೋಡಿಕೊಳ್ಳುತ್ತೇವೆ, ಜೊತೆಗೆ ಯಾರೂ ಬೇಕಾಗಿಲ್ಲ ಎಂದು ಅವರು ಹೇಳಿದಾಗ ಎದ್ದು ಅವರ ಕೈಗೆ ಮುತ್ತು ಕೊಡಬೇಕೆನಿಸಿತು. ದಾದಿ ಒಪ್ಪಲಿಲ್ಲ. ಅವಳು ಗುಲ್ಷನ್‌ಬೀ. ನಲವತ್ತು ವರ್ಷ ದಬ್ಬಣ ಹಿಡಿದು ಗಾದಿ ಹೊಲಿದ ಕೈ. ಒಮ್ಮೆ ಚುಚ್ಚಿದ ಮೇಲೆ ಹಿಂದಕ್ಕೆ ತೆಗೆದು ಗೊತ್ತಿಲ್ಲ.

“ನನಗ ದೊಡ್ಡ ಮಂದಿ ಬ್ಯಾಡ್ರಿ. ಸುಳ್ಳು ಹೇಳಲಾರದವ ಒಬ್ಬ ಬೇಕು. ನಮ್ಮ ದಾನಿಷ್ ಬರ್ತಾನ.”

ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ನನ್ನ ಜೀವನದಲ್ಲಿ ಕೇಳಬೇಕಾದವರು ಕೇಳಬೇಕಾದಾಗ ಕೇಳುವುದೇ ಇಲ್ಲ.

ಟಿಕೆಟ್ಟಿನ ನಕಲು ಚಾಚಾನ ಫೋನಿಗೆ ಬಂದಿತ್ತು. ಕಾಲಿಗೆ ಸುಣ್ಣದ ಪಟ್ಟಿ ಹಾಕಿಸಿಕೊಂಡು ಮಲಗಿದವರು ಕನ್ನಡಕ ಏರಿಸಿ ಓದಿದರು. ಹೊರಡುವುದು ಮುಂಜಾನೆ ಹತ್ತಕ್ಕೆ, ಮುಟ್ಟುವುದು ಮಧ್ಯಾಹ್ನ ಒಂದೂಕಾಲಿಗೆ. ಮೂರೂಕಾಲು ತಾಸು. ದಾದಿ ಬೆರಳು ಮಡಚಿ ಯೋಚಿಸಿ, ಮೂರೂಕಾಲು ತಾಸು ತಡಕೊಳ್ಳಬಹುದು ಎಂದಳು. ಏನನ್ನು ತಡಕೊಳ್ಳುವುದೆಂದು ಎಲ್ಲರಿಗೂ ಗೊತ್ತು. ದಾದಿಗೆ ಶುಗರ್ ಇದೆ, ತಾಸಿಗೊಮ್ಮೆ ಎದ್ದು ಹೋಗಬೇಕು. ವಿಮಾನದಲ್ಲಿ ಸಂಡಾಸು ಇರುತ್ತದೆ ಎಂದು ಮೂವರೂ ಹೇಳಿದರೂ ಅವಳದು ಒಂದೇ ಮಾತು: ಇದ್ದರೆ ಇರಲಿ, ನಾನು ಹೋಗುವುದಿಲ್ಲ. ಯಾಕೆಂದು ಹೇಳಲಿಲ್ಲ.

ತಡಕೊಳ್ಳಲು ಆಗುತ್ತದೋ ಇಲ್ಲವೋ ಮೊದಲು ಬಸ್ಸಿನಲ್ಲಿ ಕೂತು ನೋಡಬೇಕಂತೆ. ಹೆಂಗಸರಿಗೆ ಬಸ್ಸು ಹೇಗೂ ಪುಕ್ಕಟೆ. ಮಸ್ಕಿಯಲ್ಲಿ ಹತ್ತಿ ಸಿಂಧನೂರು, ಅಲ್ಲಿಂದ ಲಿಂಗಸುಗೂರು, ತಿರುಗಿ ಮಸ್ಕಿ. ಎಲ್ಲಿಯೂ ಇಳಿಯುವಂತಿಲ್ಲ. ಉಮ್ರಾಕ್ಕೆ ಹೋಗುವವರು ದುವಾ ಬಾಯಿಪಾಠ ಮಾಡುತ್ತಾರೆಂದು ಕೇಳಿದ್ದೆ. ಉಚ್ಚೆ ಕಟ್ಟಿಕೊಳ್ಳುವ ತಾಲೀಮು ಮಾಡುವವಳು ನಮ್ಮ ದಾದಿ ಒಬ್ಬಳೇ ಇರಬೇಕು.

ನವೆಂಬರ್ 9, ಭಾನುವಾರ

ಮೊದಲ ತಾಲೀಮು. ದಾದಿ ಹೊಸ ಹತ್ತಿ ತುಂಬಿದ ಚೌಕ ದಿಂಬು ತಂದಿದ್ದಳು. ಬಾಗಿಲಿನ ಹಿಂದಿನ ಸೀಟಿನ ಮೇಲೆ ಅದನ್ನಿಟ್ಟು ಅಂಬಾರಿ ಏರಿದಂತೆ ಕೂತಳು. ನಾನು ಬಾಗಿಲ ಪಾವಟಿಗೆಯ ಮೇಲೆ ನಿಂತೆ.

ಕಂಡಕ್ಟರ್ ಹೆಸರು ಶಿವಕುಮಾರಿ. ಸಿಂಧನೂರು ನಿಲ್ದಾಣದಲ್ಲಿ ಬಸ್ಸು ಖಾಲಿಯಾದರೂ ದಾದಿ ಏಳಲಿಲ್ಲ.

“ಅಜ್ಜಿ, ಊರು ಬಂತು. ಇಳಿಬೇ.”

“ನಮ್ಮ ಸ್ಟಾಪ್ ಇನ್ನ ದೂರ ಐತೆವಾ.”

“ಇದರ ಮುಂದ ಬಸ್ ಹೋಗಂಗಿಲ್ಲ. ಯಾವ ಸ್ಟಾಪ್ ನಿನ್ನದು?”

“ಜಿದ್ದಾ.”

ಶಿವಕುಮಾರಿ ನನ್ನ ಮುಖ ನೋಡಿದಳು. ಇದ್ದದ್ದನ್ನು ಇದ್ದಂತೆ ಹೇಳಿದೆ. ಅವಳು ಟಿಕೆಟ್ ಯಂತ್ರ ಎತ್ತಿಕೊಂಡು, ತಿರುಗಿ ಆಧಾರ್ ತೋರಿಸಿ ಹೊಸ ಟಿಕೆಟ್ ತಗೋಬೇಕು, ಜಿದ್ದಾಕ್ಕೆ ಹೋಗುವವರಿಗೂ ಅದೇ ಕಾನೂನು ಎಂದಳು. ಆಮೇಲೆ ಅಲ್ಲಿಗೆ ಎಷ್ಟು ದೂರ ಎಂದು ಕೇಳಿದಳು. ನಾಲ್ಕು ಸಾವಿರದ ಮೇಲೆ ಕಿಲೋಮೀಟರ್ ಎಂದೆ. ಹಾಗಾದರೆ ನನ್ನ ಬಸ್ಸಿನಲ್ಲಿ ಎಪ್ಪತ್ತೈದು ಟ್ರಿಪ್ ಆಗುತ್ತದೆ, ಅಷ್ಟರೊಳಗೆ ನಾನು ರಿಟೈರ್ ಆಗುತ್ತೇನೆ ಎಂದಳು.

ನಾನು ಎಲ್ಲ ಕಡೆ ಇಳಿದೆ. ಸಿಂಧನೂರಿನಲ್ಲಿ ಚಹಾಕ್ಕೆ, ಮಸ್ಕಿಯಲ್ಲಿ ನೀರಿಗೆ, ಲಿಂಗಸುಗೂರಿನ ದಾರಿಯ ಸಂತೆಕಲ್ಲೂರಿನಲ್ಲಿ ಏನೂ ಕಾರಣವಿಲ್ಲದೆ. ಅಲ್ಲಿ ಬಸ್ಸು ಬಿಟ್ಟೇಬಿಟ್ಟಿತು. ಓಡಿ ಬಂದು ಜೋತುಬಿದ್ದೆ. ದಾದಿ ದಿಂಬಿನ ಮೇಲಿಂದಲೇ ನೋಡುತ್ತಿದ್ದಳು.

“ವಿಮಾನದಾಗ ಸಂತೆಕಲ್ಲೂರು ಬರಂಗಿಲ್ಲ ಮಗನ.”

ಬಸ್ಸಿನವರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ನಗು ಬರಲಿಲ್ಲ.

ದಾದಿ ಮೂರೂಕಾಲು ತಾಸು ಕಲ್ಲಿನಂತೆ ಕೂತು ಮಸ್ಕಿಯಲ್ಲಿ ಇಳಿದು, ಎಪ್ಪತ್ತು ವರ್ಷದ ಮೊಣಕಾಲು ಮರೆತು ಮನೆಗೆ ಓಡಿದಳು. ಪಾಸು.

ನವೆಂಬರ್ 11, ಮಂಗಳವಾರ

ಮನೆಯಲ್ಲಿ ಹಬ್ಬದ ಕಳೆ. ಚಾಚಿ ಶ್ಯಾವಿಗೆ ಮಾಡಿದಳು. ನಾನು ಲೆಕ್ಕ ಹಾಕುತ್ತಿದ್ದೆ: ಕಣ್ಣು ಮುಚ್ಚಿ ಹಲ್ಲು ಕಚ್ಚಿದರೆ ಮೂರೂಕಾಲು ತಾಸು ಕಳೆಯಬಹುದು. ಸಿನಿಮಾ ಮಂದಿರದಲ್ಲಿ ಒಮ್ಮೆ ಮಧ್ಯಂತರದವರೆಗೆ ಕೂತಿದ್ದೇನೆ.

ಹನ್ನೊಂದಕ್ಕೆ ಆಸೀಫ್ ಸೌದಿಯಿಂದ ಫೋನ್ ಮಾಡಿದ. ನಾಷ್ಟಾ ಮಾಡುತ್ತಿದ್ದ. ಇಷ್ಟು ಹೊತ್ತಿಗೇನು ನಾಷ್ಟಾ ಎಂದೆ. ಇಲ್ಲಿ ಈಗ ಎಂಟೂವರೆ ಎಂದ.

ಫೋನ್ ಇಟ್ಟು ಶ್ಯಾವಿಗೆಯ ತಟ್ಟೆ ಸರಿಸಿ ಬೆರಳು ಎಣಿಸಿದೆ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ತಾಸು ಹಿಂದೆ. ಟಿಕೆಟ್ಟಿನ ಒಂದೂಕಾಲು ಅಲ್ಲಿಯ ಒಂದೂಕಾಲು. ಮಸ್ಕಿಯಲ್ಲಿ ಆಗ ಮೂರೂಮುಕ್ಕಾಲು. ಅಂದರೆ ಬಾಗಿಲು ಹಾಕಿದ ಮೇಲೆ ಐದೂಮುಕ್ಕಾಲು ತಾಸು.

ಗಣಿತ ನನ್ನನ್ನು ತಿಂದಿದ್ದು ಇವತ್ತು.

ನವೆಂಬರ್ 12, ಬುಧವಾರ

ಹೇಳಿದೆ. ಆದರೆ ಯಾವತ್ತಿನ ಹಾಗೆ ಅನಿಸಲಿಲ್ಲ. ಐದೂಮುಕ್ಕಾಲು ತಾಸು ಎಂದರೆ ದಾದಿ ಕೈಬಿಡಬಹುದು, ದಾದಿ ಕೈಬಿಟ್ಟರೆ ನಾನು ಪಾರು. ಜೀವನದಲ್ಲಿ ಮೊದಲ ಸಲ ನಿಜ ಹೇಳುವುದು ನನಗೆ ಲಾಭದ ಮಾತಾಯಿತು. ಬಾಯಿಗೆ ರುಚಿಸಲಿಲ್ಲ.

ಚಾಚಾ ನಂಬಲಿಲ್ಲ. ನಡುವಿನ ಎರಡೂವರೆ ತಾಸು ಎಲ್ಲಿ ಹೋಯಿತು ಎಂದು ನನ್ನನ್ನೇ ಕಳ್ಳನಂತೆ ಕೇಳಿದರು. ಹೋಗುವಾಗ ಸಿಗುತ್ತದೆ, ಬರುವಾಗ ತಿರುಗಿ ಕೊಡಬೇಕು ಎಂದೆ. ದಾದಿ ಮಾತ್ರ ಒಂದೂ ಪ್ರಶ್ನೆ ಕೇಳಲಿಲ್ಲ.

“ಅವ ಹೇಳಿದ ಅಂದ್ರ ಖರೇನ. ಸೋಮವಾರ ಎರಡು ಸುತ್ತು ಹಾಕೂನು.”

ನವೆಂಬರ್ 17, ಸೋಮವಾರ

ಈ ಸಲ ದಾದಿ ನನ್ನನ್ನು ನಿಲ್ಲಲು ಬಿಡಲಿಲ್ಲ. ಬಸ್ಸಿನ ನಡುವಿನ ಸೀಟು, ಒಳಗೆ ಕಿಟಕಿಯ ಕಡೆ ನಾನು, ಹೊರಗೆ ಅವಳು. ಇಳಿಯಬೇಕೆಂದರೆ ಅವಳ ಮೊಣಕಾಲು ದಾಟಬೇಕು. ಆದರೂ ನಾಲ್ಕು ಸಲ ದಾಟಿದೆ. ದಾಟಿದಾಗಲೆಲ್ಲ ಬೈದಳು.

ಮೊದಲ ಸುತ್ತು ಮುಗಿಯಿತು. ಎರಡನೇ ಸುತ್ತಿನಲ್ಲಿ ಸಿಂಧನೂರಿನ ಗದ್ದೆಗಳಲ್ಲಿ ಭತ್ತ ಕೊಯ್ಯುವ ಯಂತ್ರಗಳನ್ನು ನೋಡುತ್ತ ದಾದಿ ಹರಟುತ್ತಿದ್ದಳು. ಮಸ್ಕಿ ಗುಡ್ಡ ಬಂದ ಮೇಲೆ ಮಾತು ಕಡಿಮೆಯಾಯಿತು. ಕೈಯಲ್ಲಿದ್ದ ಜಪದ ತಸ್ಬಿಯ ಮಣಿಗಳು ಜೋರಾಗಿ ಓಡತೊಡಗಿದವು. ಸಂತೆಕಲ್ಲೂರು ದಾಟಿದ ಮೇಲೆ ಮಣಿಗಳೂ ನಿಂತವು. ಐದೂಮುಕ್ಕಾಲು ತಾಸು ತುಂಬುವ ಲಿಂಗಸುಗೂರಿಗೆ ಇನ್ನು ಅರ್ಧ ತಾಸಿನ ದಾರಿ.

ಅವಳು ನನ್ನ ಮಣಿಕಟ್ಟು ಹಿಡಿದಳು. ನಾನು ಶಿವಕುಮಾರಿಯನ್ನು ಕೂಗಿದೆ.

ಬಸ್ಸು ತೊಗರಿ ಹೊಲದ ಪಕ್ಕ ನಿಂತಿತು. ಶಿವಕುಮಾರಿ ತನ್ನ ವೇಲು ಬಿಚ್ಚಿ ಮರೆ ಹಿಡಿದಳು. ಹಿಂದಿನ ಸೀಟಿನ ಒಬ್ಬ ಕಿಟಕಿಯಿಂದ ತಲೆ ಹೊರಗೆ ಹಾಕಿದ. ನಿಮ್ಮವ್ವಗ ವಯಸ್ಸಾಗಂಗಿಲ್ಲೇನಲೇ ಎಂದು ಅವಳು ಅಲ್ಲಿಂದಲೇ ಕೇಳಿದಳು. ತಲೆ ಒಳಗೆ ಹೋಯಿತು.

ತಿರುಗಿ ಬಂದು ಕೂತ ದಾದಿ ಬಹಳ ಹೊತ್ತು ದಿಂಬಿನ ಮೂಲೆ ತಿರುವುತ್ತಿದ್ದಳು.

“ನನಗೂ ಸಂತೆಕಲ್ಲೂರು ಬೇಕಾತು ನೋಡು” ಎಂದಳು.

ಮನೆಗೆ ಬಂದು ಎಲ್ಲರ ಮುಂದೆ ಹೇಳಿದಳು: ನಾನು ಹೋಗುವುದಿಲ್ಲ. ಮಕ್ತುಮ್‌ಸಾಬರಿಗೆ ಹೇಳಿಬಿಡಿ.

ನವೆಂಬರ್ 18, ಮಂಗಳವಾರ

ಚೆನ್ನಾಗಿ ನಿದ್ದೆ ಬಂತು.

ನವೆಂಬರ್ 20, ಗುರುವಾರ

ನಿನ್ನೆ ಏನೂ ಬರೆಯಲಿಲ್ಲ. ಬರೆಯುವಂಥದ್ದು ಏನೂ ಆಗಲಿಲ್ಲ. ದಾದಿ ದಬ್ಬಣ ಹಿಡಿದು ಕೂತಿದ್ದಾಳೆ. ಯಾರೂ ಹೊಲಿ ಎಂದು ಹೇಳದ ಗಾದಿಯೊಂದನ್ನು ಹೊಲಿಯುತ್ತಿದ್ದಾಳೆ. ಮಕ್ತುಮ್‌ಸಾಬರಿಗೆ ಇನ್ನೂ ಯಾರೂ ಹೇಳಿಲ್ಲ. ಚಾಚಾ ಭಾನುವಾರದವರೆಗೆ ತಡೆಯಿರಿ ಎನ್ನುತ್ತಾರೆ.

ಸೊಳ್ಳೆ ಕಾಟ ಬೇರೆ. ನಮ್ಮ ಮನೆಯಲ್ಲಿ ದಾದಿಯದೊಂದು ಹಳೆಯ ಹಠವಿದೆ: ರಾತ್ರಿ ಬಾಗಿಲು ಹಾಕುವಂತಿಲ್ಲ. ಹೊಸ್ತಿಲ ಹತ್ತಿರ ಅಡ್ಡ ಮಲಗುತ್ತಾಳೆ. ಕೇಳಿದರೆ ಸೆಕೆ ಎನ್ನುತ್ತಾಳೆ. ಥಂಡಿ ದಿನಗಳಲ್ಲೂ ಅದೇ ಸೆಕೆ. ಓಣಿಯ ಸೊಳ್ಳೆಗಳಿಗೆಲ್ಲ ವರ್ಷಪೂರ್ತಿ ನಮ್ಮಲ್ಲೇ ದಾವತ್.

ಸಂಜೆ ನಾನು ದಾರಕ್ಕೆ ಮೇಣ ಸವರಿ ಕೊಡುತ್ತಿದ್ದಾಗ ಅವಳಾಗಿಯೇ ಹೇಳಿದಳು. ಹಿಂದೊಮ್ಮೆ ಉರುಸಿಗೆಂದು ರಾಯಚೂರಿನಿಂದ ಕಲಬುರಗಿಗೆ ರೈಲಿನಲ್ಲಿ ಹೋಗಿದ್ದಳಂತೆ. ಸಂಡಾಸಿನ ತೂತಿನೊಳಗೆ ಕೆಳಗೆ ಹಳಿ ಓಡುವುದನ್ನು ಕಂಡಿದ್ದಳಂತೆ.

“ವಿಮಾನದ್ದೂ ಹಂಗ ಇದ್ರ? ಅರ್ಧ ದಾರಿ ಆದ ಮ್ಯಾಲೆ ಕೆಳಗ ಮಕ್ಕಾದ ಸೀಮಿ, ಪಾಕ್ ಜಮೀನು. ಅಲ್ಲಿ ಹಣಿ ಹಚ್ಚಿ ಸಜ್ದಾ ಮಾಡಾಕ ಹೊಂಟಾಕಿ ನಾನು. ಅದರ ಮ್ಯಾಲೆ...”

ನಾನು ನಗಲಿಲ್ಲ. ನಗಬೇಕೆಂದು ಬಾಯಿ ತೆರೆದಿದ್ದೆ, ಅವಳ ಮುಖ ನೋಡಿ ಮುಚ್ಚಿದೆ.

ಬೇರೆಯವರನ್ನೂ ಕೇಳಿದ್ದಾಳೆ. ಚಾಚಾ, ಎಲ್ಲ ಸಮುದ್ರಕ್ಕೆ ಬೀಳುತ್ತದೆ ಎಂದರಂತೆ. ಚಾಚಿ, ಅಷ್ಟು ಎತ್ತರದಿಂದ ಬರುವಷ್ಟರಲ್ಲಿ ಗಾಳಿಗೆ ಆರಿಹೋಗುತ್ತದೆ ಎಂದಳಂತೆ. ಮಕ್ತುಮ್‌ಸಾಬ್ ನಕ್ಕು, ಅಲ್ಲಿ ಎಲ್ಲ ಮಾಯ ಆಗುತ್ತದೆ ಅಮ್ಮಾ ಎಂದರಂತೆ.

“ಮೂರು ಮಂದಿ ಮೂರು ಥರ ಹೇಳ್ಯಾರ. ನೀ ಹೇಳು. ಗೊತ್ತಿದ್ರ ಗೊತ್ತೈತಿ ಅನ್ನು, ಇಲ್ಲಾಂದ್ರ ಇಲ್ಲ ಅನ್ನು.”

“ಗೊತ್ತಿಲ್ಲ ದಾದಿ.”

ಅವಳು ತಲೆಯಾಡಿಸಿ ದಾರ ಎಳೆದಳು.

ಗೊತ್ತಿಲ್ಲದಿರುವುದು ಸುಳ್ಳಲ್ಲ. ಗೊತ್ತಿಲ್ಲದೆ ಇನ್ನೊಂದು ನಾಲ್ಕು ದಿನ ಇದ್ದುಬಿಟ್ಟರೆ ಡಿಸೆಂಬರ್ 5 ನನ್ನ ಪಾಲಿಗೆ ಬರೀ ಒಂದು ಶುಕ್ರವಾರ.

ನವೆಂಬರ್ 21, ಶುಕ್ರವಾರ

ಫೋನಿನಲ್ಲಿ ಹುಡುಕಿದೆ. ಒಬ್ಬ ಹೀಗೆ, ಇನ್ನೊಬ್ಬ ಹಾಗೆ. ಕುದುರೆಯ ಮೈಗೆ ಮನುಷ್ಯನ ತಲೆ ಅಂಟಿಸಿ ತೋರಿಸುವ ಫೋನು ಅದು. ಅದರ ಮಾತು ದಾದಿಯ ಮುಂದೆ ನಡೆಯುವುದಿಲ್ಲ. ನನಗೂ ಪೂರ್ತಿ ನಂಬಿಕೆ ಬರಲಿಲ್ಲ.

ಜುಮ್ಮಾ ನಮಾಜು ಮುಗಿಸಿ ಆಸೀಫನಿಗೆ ಫೋನ್ ಮಾಡಿದೆ. ಆಸೀಫ್ ಸೌದಿಯ ಒಂದು ವಿಮಾನ ನಿಲ್ದಾಣದಲ್ಲಿದ್ದಾನೆ. ‘ವಿಮಾನದ ಮ್ಯಾಲೆ ಕೆಲಸ’ ಎಂದು ಮಸ್ಕಿಗೆಲ್ಲ ಗೊತ್ತು. ಹಳದಿ ಜಾಕೀಟು ಹಾಕಿಕೊಂಡು ವಿಮಾನದ ಮೂಗಿನ ಕೆಳಗೆ ನಿಂತ ಫೋಟೋ ಅವನ ಮನೆಯ ಗೋಡೆಯ ಮೇಲಿದೆ. ಹೆಣ್ಣು ನೋಡಲು ಹೋದಲ್ಲೆಲ್ಲ ಆ ಫೋಟೋ ಮೊದಲು ಹೋಗುತ್ತದೆ.

ಸಂಡಾಸಿನದು ಎಲ್ಲಿಗೆ ಹೋಗುತ್ತದೋ ಎಂದೆ. ಅವನು ದನಿ ತಗ್ಗಿಸಿದ. ಯಾರು ಹೇಳಿದರು ನಿನಗೆ ಎಂದ. ಯಾರೂ ಏನೂ ಹೇಳಿಲ್ಲ, ದಾದಿ ಕೇಳುತ್ತಿದ್ದಾಳೆ ಎಂದು ಇದ್ದದ್ದೆಲ್ಲ ಹೇಳಿದೆ. ಆಮೇಲೆ ಕೋಣೆಯಿಂದ ಹೊರಗೆ ಹೋದ ಸಪ್ಪಳ ಕೇಳಿತು.

“ಲೇ, ಮಸ್ಕ್ಯಾಗ ಯಾರಿಗೂ ಹೇಳಂಗಿಲ್ಲ ನೋಡು.”

“ಕೇಳಲಿಲ್ಲಾಂದ್ರ ಹೇಳಂಗಿಲ್ಲ. ಕೇಳಿದ್ರ ಹೇಳ್ತೀನಿ.”

“ನಿನ್ನಂಥವನ ಜೋಡಿ ದೋಸ್ತಿ ಮಾಡಿದ್ದು ನನ್ನ ಕರ್ಮ ಬೇ.”

ಆದರೂ ಹೇಳಿದ. ಒಂದು ಹನಿಯೂ ಕೆಳಗೆ ಬೀಳುವುದಿಲ್ಲ. ವಿಮಾನದ ಹೊಟ್ಟೆಯಲ್ಲಿ ಟಾಕಿ ಇರುತ್ತದೆ, ಎಲ್ಲ ಅದರಲ್ಲೇ ನಿಲ್ಲುತ್ತದೆ. ಇಳಿದ ಮೇಲೆ ಗಾಡಿಯೊಂದು ಬಂದು ಕೊಳವೆ ಹಚ್ಚಿ ಹೀರಿಕೊಳ್ಳುತ್ತದೆ. ಆ ಗಾಡಿ ನಡೆಸುವವನು, ಕೊಳವೆ ಹಚ್ಚುವವನು, ತೆಗೆಯುವವನು ಎಲ್ಲ ಅವನೇ. ಮೂರು ವರ್ಷದಿಂದ ಅದೇ ಕೆಲಸ. ಮೊದಲ ತಿಂಗಳು ಊಟ ಸೇರುತ್ತಿರಲಿಲ್ಲವಂತೆ.

ನಗಬಾರದೆಂದುಕೊಂಡೆ. ಆಗಲಿಲ್ಲ. ಅವನೂ ನಕ್ಕ. ನಗುತ್ತ ನಗುತ್ತ ಇಬ್ಬರೂ ಬೈದಾಡಿಕೊಂಡು ಫೋನ್ ಇಟ್ಟೆವು.

ಈಗ ಗೊತ್ತಾಗಿಬಿಟ್ಟಿದೆ. ಇನ್ನು ಗೊತ್ತಿಲ್ಲ ಎನ್ನುವಂತಿಲ್ಲ. ಯಾವ ಶೈತಾನ ನನ್ನ ಕೈಯಿಂದ ಫೋನ್ ಮಾಡಿಸಿತೋ.

ನವೆಂಬರ್ 22, ಶನಿವಾರ

ಮುಂಜಾನೆಯೇ ಹೇಳಿದೆ. ಟಾಕಿ, ಕೊಳವೆ, ಗಾಡಿ. ದಾದಿ ದಬ್ಬಣ ಗಾದಿಯಲ್ಲೇ ಚುಚ್ಚಿ ಬಿಟ್ಟು ಕೇಳಿದಳು.

“ಯಾರು ಹೇಳಿದ್ರು?”

“ಕಣ್ಣಿಲೆ ನೋಡಿದವ.”

“ನೋಡಿದವನೋ, ತೆಗಿಯವನೋ?”

ಈ ಮುದುಕಿಯನ್ನು ಪರೀಕ್ಷೆಗೆ ಕೂಡಿಸಿದ್ದರೆ ರ‍್ಯಾಂಕ್ ಬರುತ್ತಿತ್ತು. ಕೇಳಿದ ಮೇಲೆ ಹೇಳದೆ ವಿಧಿಯಿಲ್ಲ. ತೆಗೆಯುವವ ಎಂದೆ. ಹೆಸರು ಹೇಳಲಿಲ್ಲ, ಅವಳು ಹೆಸರು ಕೇಳಲೂ ಇಲ್ಲ. ಬಹಳ ಹೊತ್ತು ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ಕಣ್ಣು ಒರೆಸಿಕೊಂಡು, ಎಷ್ಟೋ ಮಂದಿ ಹಾಜಿಗಳ ಹೊಲಸು ತೆಗೆಯುವ ಕೈ ಅದು, ಅಲ್ಲಿ ಹೋದ ಮೇಲೆ ಅವನಿಗೊಂದು ಒಳ್ಳೆಯ ಹೆಣ್ಣು ಸಿಗಲೆಂದು ದುವಾ ಕೇಳುತ್ತೇನೆ ಎಂದಳು. ನನಗೆ ಗೊತ್ತಾಯಿತೆಂದು ಅವನಿಗೆ ಹೇಳಬೇಡ ಎಂದೂ ಹೇಳಿದಳು.

ಅಂದರೆ ಹೋಗುವುದು ಗ್ಯಾರಂಟಿ. ಎದ್ದು ಬಾಗಿಲವರೆಗೆ ಹೋದೆ, ತಿರುಗಿ ಬಂದೆ. ಯಾರೂ ಕೇಳಿರಲಿಲ್ಲ. ಆದರೂ ಹೇಳಿದೆ. ಪರೀಕ್ಷೆ, ಅಗಳಿ, ಗಿರಣಿ, ಅಂಗಡಿ, ಮನಸ್ಸಿಲ್ಲ ಎಂದದ್ದು, ಎಲ್ಲ. ಮಾತು ಮುಗಿಯುವಷ್ಟರಲ್ಲಿ ಅಂಗಿ ಒದ್ದೆಯಾಗಿತ್ತು. ಬೈಯುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ದಾರದ ತುದಿ ಬಾಯಲ್ಲಿ ಒದ್ದೆ ಮಾಡಿ ದಬ್ಬಣಕ್ಕೆ ಪೋಣಿಸುತ್ತಿದ್ದಳು.

“ಬಾಗಿಲ ಯಾವಾಗ ಹಾಕ್ತಾರ?”

“ಹತ್ತಕ್ಕ.”

“ಯಾವಾಗ ತೆಗಿತಾರ?”

“ಅಲ್ಲಿ ಹೋಗಿ ಇಳಿದ ಮ್ಯಾಲೆ.”

“ಹಂಗಾದ್ರ ತೆಗಿತಾರಲ್ಲ” ಎಂದಳು.

ಅಷ್ಟೇ. ಇದೊಂದು ಉತ್ತರವೇ? ನನಗೆ ಸಿಟ್ಟು ಬಂತು. ಸಂಜೆಯವರೆಗೂ ಅದನ್ನೇ ಯೋಚಿಸುತ್ತಿದ್ದೆ. ತಪ್ಪು ಎಲ್ಲಿದೆಯೆಂದು ಸಿಗಲಿಲ್ಲ.

ನವೆಂಬರ್ 27, ಗುರುವಾರ

ದಾದಿಗೆ ಇನ್ನು ತಾಲೀಮಿನ ಅಗತ್ಯವಿಲ್ಲ. ಆದರೂ ಬಸ್ಸು ಹತ್ತಬೇಕಂತೆ. ಒಂದೇ ಸುತ್ತು. ಹಿಂದಿನಿಂದ ಮೂರನೇ ಸೀಟು, ಬಾಗಿಲಿನಿಂದ ದೂರ. ಗಾಳಿ ಬಡಿಯುತ್ತದೆ, ಕಿಟಕಿ ಹಾಕು ಎಂದಳು. ಹಾಕಿದೆ. ಸಂತೆಕಲ್ಲೂರಿನವರೆಗೆ ತಡೆದುಕೊಂಡು ಆಮೇಲೆ ತೆಗೆದೆ. ಮನೆಯಲ್ಲಿ ಸೆಕೆ ಎನ್ನುವವಳಿಗೆ ಬಸ್ಸಿನಲ್ಲಿ ಗಾಳಿ ಬಡಿಯುತ್ತದೆ. ಮುದುಕರ ಮೈಯ ಲೆಕ್ಕವೇ ಬೇರೆ.

ಶಿವಕುಮಾರಿ ಕೇಳಿದಳು, ವಿಮಾನದಲ್ಲಿ ನಡುವೆ ಬೇಡವೆನಿಸಿದರೆ ಕಂಡಕ್ಟರಿಗೆ ಹೇಳಿ ಇಳಿಯಲು ಬರುತ್ತದೋ ಎಂದು. ಬರುವುದಿಲ್ಲ ಎಂದೆ. ಹಾಗಾದರೆ ಆ ಕಂಡಕ್ಟರ್ ಪುಣ್ಯವಂತ ಎಂದಳು.

ನವೆಂಬರ್ 30, ಭಾನುವಾರ

ಎರಡು ಸುತ್ತು. ಅದೇ ಸೀಟು, ಅದೇ ದಿಂಬು. ಇವತ್ತಿನ ಪ್ರಯಾಣ ಬಹಳ ತ್ರಾಸಾಯಿತು.

ಕಿಟಕಿ ಹಾಕಿದ ಸ್ವಲ್ಪ ಹೊತ್ತಿಗೆ ದಾದಿ ನನ್ನ ಹೆಗಲ ಮೇಲೆ ತಲೆಯಿಟ್ಟು ಮಲಗಿಬಿಟ್ಟಳು. ಬಾಯಿ ತೆರೆದು, ಗೊರಕೆ ಹೊಡೆಯುತ್ತ. ಅಲುಗಾಡಿದರೆ ಏಳುತ್ತಾಳೆಂದು ಅಲುಗಾಡಲಿಲ್ಲ. ಸಿಂಧನೂರಿನಲ್ಲಿ ಜನ ಇಳಿದರು, ಹತ್ತಿದರು. ಒಬ್ಬ ಅಕ್ಕಿ ಚೀಲವನ್ನು ನನ್ನ ಕಾಲ ಮೇಲೆಯೇ ಇಟ್ಟ, ಬೈದರೆ ಇವಳು ಏಳುತ್ತಾಳೆಂದು ಬೈಯಲೂ ಇಲ್ಲ. ಅವಳ ಸೆರಗು ಜಾರುತ್ತಿತ್ತು, ಎರಡು ಸಲ ಸರಿ ಮಾಡಿದೆ. ಲಿಂಗಸುಗೂರಿನಲ್ಲಿ ಎದ್ದು ಸಂಡಾಸಿಗೆ ಹೋಗಿ ಬಂದು ಮತ್ತೆ ಮಲಗಿದಳು. ನನ್ನ ಬಲ ತೋಳು ಮರಗಟ್ಟಿತು. ಮನೆಗೆ ಬಂದ ಮೇಲೆ ಚಾಚಿ ಎಣ್ಣೆ ತಿಕ್ಕಿದಳು, ಇನ್ನೂ ನೋಯುತ್ತಿದೆ. ದಾದಿಯ ತಲೆ ಎಷ್ಟು ಭಾರವೆಂದು ಮಕ್ತುಮ್‌ಸಾಬರಿಗೆ ಹೇಳಬೇಕು, ಸಾಮಾನಿನ ತೂಕದಲ್ಲಿ ಹಿಡಿದಾರು.

ಮಸ್ಕಿಯಲ್ಲಿ ಇಳಿಯುವಾಗ ಶಿವಕುಮಾರಿ ನನ್ನನ್ನು ತಡೆದು ನಿಲ್ಲಿಸಿದಳು.

“ಏನೋ ತಮ್ಮಾ, ಇವತ್ತ ಸಂತೆಕಲ್ಲೂರಾಗ ಇಳಿಲಿಲ್ಲ?”

ಸಂತೆಕಲ್ಲೂರು ಯಾವಾಗ ಬಂತು, ಯಾವಾಗ ಹೋಯಿತು, ನನ್ನ ಲಕ್ಷ್ಯದಲ್ಲಿ ಇರಲಿಲ್ಲ. ತೋಳು ನೋಯುತ್ತಿತ್ತಲ್ಲ.

ಡಿಸೆಂಬರ್ 3, ಬುಧವಾರ

ಚೀಲ ಕಟ್ಟಿಯಾಯಿತು. ದಾದಿ ಎರಡು ದಿಂಬು ಹೊಲಿದಿದ್ದಾಳೆ, ಒಂದು ನನ್ನದಂತೆ. ಆಕಾಶದಲ್ಲಿ ಹಾರುವ ಕುರ್ಚಿಗೆ ಮಸ್ಕಿಯ ದಿಂಬು. ವಿಮಾನದವರು ಒಳಗೆ ಬಿಡುತ್ತಾರೋ ಇಲ್ಲವೋ, ಅಲ್ಲಿ ನೋಡಿಕೊಂಡರಾಯಿತು. ಆಸೀಫ್ ಫೋನ್ ಮಾಡಿದ್ದ. ಸಾಧ್ಯವಾದರೆ ರಜೆ ಹಾಕಿ ಬಂದು ಭೇಟಿಯಾಗುತ್ತಾನಂತೆ. ದಾದಿ ಅವನಿಗೆಂದು ಒಂದು ಡಬ್ಬಿ ಕರ್ಚಿಕಾಯಿ ಇಟ್ಟುಕೊಂಡಿದ್ದಾಳೆ. ಕೈ ತೊಳೆದು ತಿನ್ನಲು ಹೇಳು ಎಂದು ನನ್ನ ಕಿವಿಯಲ್ಲಿ ಹೇಳಿ ಒಬ್ಬಳೇ ನಕ್ಕಳು.

ಇಳಿಹೊತ್ತಿನ ಅಸರ್ ನಮಾಜಿನ ಮೇಲೆ ದಾದಿ ನನ್ನ ತೋಳಿಗೆ ಇಮಾಮ್ ಜಾಮಿನ್ ಕಟ್ಟಿದಳು. ಊರು ಬಿಟ್ಟು ಹೋಗುವವರಿಗೆ ನಮ್ಮಲ್ಲಿ ಹಸಿರು ಬಟ್ಟೆಯಲ್ಲಿ ನಾಣ್ಯ ಸುತ್ತಿ ಹೀಗೆ ಕಟ್ಟುತ್ತಾರೆ. ನೋಯುವ ತೋಳಿಗೇ ಕಟ್ಟಿದಳು. ಅವಳ ತೋಳಿಗೆ ನಾನು ಕಟ್ಟಿದೆ. ಹಿರಿಯರಿಗೆ ಕಿರಿಯರು ಕಟ್ಟುವ ಪದ್ಧತಿ ಇಲ್ಲವೆಂದು ಚಾಚಾ ಮಂಚದ ಮೇಲಿಂದಲೇ ಹೇಳಿದರು. ಅವರ ಮಾತನ್ನು ಇಬ್ಬರೂ ಕೇಳಲಿಲ್ಲ.

ಸಂಜೆ ಚಾಚಿಗೆ ಹೇಳಿದೆ, ನಾವು ಹೋದ ಮೇಲೆ ಇನ್ನು ಹದಿನೈದು ದಿನ ಬಾಗಿಲು ಹಾಕಿಕೊಂಡು ಆರಾಮಾಗಿ ಮಲಗಿರಿ, ದಾದಿಯ ಸೆಕೆ ಜಿದ್ದಾಕ್ಕೆ ಹೊರಟಿತು ಎಂದು. ಅವಳು ಅಂಗಳದ ಹಗ್ಗದಿಂದ ಬಟ್ಟೆ ತೆಗೆಯುತ್ತಿದ್ದಳು. ಎರಡು ದಪ್ಪ ಕೌದಿಗಳನ್ನು ತೆಗೆದು ನನ್ನ ಕೈಗೆ ಹಾಕಿದಳು.

“ಇವು ಯಾರವು ಹೇಳು? ನಿಮ್ಮ ದಾದೀವು. ಬ್ಯಾಸಿಗಿ ಬಿಟ್ರ ಎರಡೂ ಹೊದ್ದು ನಡುಗಿಕೋತ ಮಲಗ್ತಾರ. ಅವ್ರಿಗೆ ಎಲ್ಲಿ ಸೆಕಿ? ನೀ ಹುಡುಗ ಇದ್ದಾಗಿಂದ ಆ ಬಾಗಿಲ ತೆರದೈತಿ. ಯಾರ ಸಲುವಾಗಿ ಅಂತ ನಿನಗ ಗೊತ್ತಿಲ್ಲೇನು?”

ಕೌದಿ ಮಡಚಿ ಒಳಗಿಟ್ಟೆ.

ಈಗ ದಾದಿ ಹೊಸ್ತಿಲ ಹತ್ತಿರ ಹಾಸಿಗೆ ಹಾಸುತ್ತಿದ್ದಾಳೆ. ಥಂಡಿ ಗಾಳಿ ಬರುತ್ತಿದೆ. ನಾನು ಹೋಗಿ ಬಾಗಿಲು ಮುಂದೆ ಮಾಡಿ ಅಗಳಿ ಹಾಕಿ ಬಂದೆ. ಅವಳು ನನ್ನ ಮುಖ ನೋಡಿದಳು, ಏನೂ ಕೇಳಲಿಲ್ಲ. ಸೊಳ್ಳೆ ಎಂದೆ.

ನಾಳೆ ಸಂಜೆಯ ಬಸ್ಸಿಗೆ ಹೈದರಾಬಾದಿಗೆ ಹೊರಡುತ್ತೇವೆ.